ಒಪ್ಪಿಗೆ ಸಭೆಯ ದುಭಾಷಿ

ಅವಳು ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ದುಭಾಷಿಯಾಗಿದ್ದಳು. ಕಾಡಿನಲ್ಲಿರುವ ತನ್ನ ಜನರ ಮಾತನ್ನು ಸಾಹೇಬರಿಗೆ ತಿಳಿಸುವುದು ಅವಳ ಕೆಲಸ. ಹೊಸ ಸರ್ಕಾರ ಬಂದದ್ದೇ ತಡ, ಆ ಕಾಡನ್ನು ಗಣಿಗೆ ಕೊಡುವುದೆಂದು ತೀರ್ಮಾನವಾಯಿತು. ಜನರ ಒಪ್ಪಿಗೆ ಕೇಳುವ ಶಾಸ್ತ್ರವೊಂದು ಬಾಕಿ ಇತ್ತು. ಸಭೆಗೆ ಬಂದ ಮಂತ್ರಿ ಅಭಿವೃದ್ಧಿಯ ಬಗ್ಗೆ ಒಂದು ಗಂಟೆ ಕೊರೆದು, ಬೆವರು ಒರೆಸಿಕೊಂಡು ಕುಳಿತ. ಆಮೇಲೆ ಅವಳ ಸೋದರಮಾವ ಎದ್ದು ಎರಡೇ ಮಾತು ಹೇಳಿದರು.

ಪಕ್ಕದಲ್ಲಿದ್ದ ಅವಳ ಕಚೇರಿಯ ಅಧಿಕಾರಿ ಅವಳ ಕಿವಿಯ ಹತ್ತಿರ ಬಗ್ಗಿ, "ಒಪ್ಕೊಂಡ್ರು ಅಂತ ಹೇಳಮ್ಮ, ಸಾಕು" ಎಂದ.

ಅವಳು ಮೈಕಿನಲ್ಲಿ ಮಾವನ ಮಾತನ್ನು ಇದ್ದಂತೆಯೇ ಹೇಳಿದಳು: "ನಾವು ಕಾಡು ಬಿಡಲ್ಲ. ಹೋದ ವಾರ ನಮ್ಮವರಿಬ್ಬರನ್ನ ಹೊಡೆದು ಹಾಕಿದ್ದು ಯಾರು, ಅದನ್ನ ಮೊದಲು ಹೇಳಿ."

ಮಂತ್ರಿ ಹಲ್ಲು ಕಿರಿದು ಚಪ್ಪಾಳೆ ತಟ್ಟಿದ. ಆ ಮಹಾಶಯ ಕೇಳಿಸಿಕೊಂಡೇ ಇರಲಿಲ್ಲ. ಜನ ಒಪ್ಪಿದರೆಂಬ ವರದಿ ಹಿಂದಿನ ದಿನವೇ ಟೈಪಾಗಿತ್ತು. ಅಧಿಕಾರಿ ಅದನ್ನು ಅವಳ ಮುಂದೆ ಚಾಚಿ ಸಾಕ್ಷಿಯ ಸಹಿ ಕೇಳಿದ.

"ಇದನ್ನ ಬರೆದ ನಾಚಿಕೆಗೆಟ್ಟವರೇ ಹಾಕ್ಲಿ ಸಾರ್," ಎಂದಳು.

ಸಂಜೆಯೊಳಗೆ ಅವಳ ಕೆಲಸ ಹೋಯಿತು. ಆದರೆ ಕಾಡಿನ ಜನ ದಾವೆ ಹೂಡಿದಾಗ, ದುಭಾಷಿಯ ಸಹಿಯಿಲ್ಲದ ವರದಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಗಣಿ ಸದ್ಯಕ್ಕೆ ನಿಂತಿದೆ. ಅಧಿಕಾರಿಗೆ ಮಾತ್ರ ಬಡ್ತಿ ಸಿಕ್ಕಿದೆ. ದಾರಿಯಲ್ಲಿ ಸಿಕ್ಕರೆ ಅವನೇ ಮೊದಲು ಕೈಮುಗಿಯುತ್ತಾನೆ. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದುಬಿಡುತ್ತಾಳೆ.