ಹಾಸಿನ ಆ ತುದಿ

ಬನಹಟ್ಟಿಯ ನಮ್ಮ ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲ. ಎದುರುಮನೆಯ ನೇಕಾರರೊಬ್ಬರು ದಿನಾ ಸಂಜೆ ವಾರ್ತೆಯ ಹೊತ್ತಿಗೆ ನಮ್ಮ ಹೊಸ್ತಿಲ ಹೊರಗೆ ಬಂದು ನಿಲ್ಲುತ್ತಿದ್ದರು. ಒಳಗೆ ಕೂಡ್ರಿ ಎಂದರೆ, "ಇರಲಿ, ರೂಢಿ ಆಗೇತ್ರೀ" ಎನ್ನುತ್ತಿದ್ದರು. ಸುದ್ದಿಯ ಗೊಡವೆ ಅವರಿಗಿರಲಿಲ್ಲ. ಕೊನೆಗೆ ಉಪಗ್ರಹ ತೆಗೆದ ಮೋಡದ ಚಿತ್ರ ತೋರಿಸುತ್ತಿದ್ದರಲ್ಲ, ಅದಷ್ಟೇ ಬೇಕು. ನಮ್ಮ ಕಡೆ ಬೆಳ್ಳಗೆ ಕಾಣದಿದ್ದರೆ "ನಾಳಿ ಗಂಜಿ ಹಚ್ಚತೇನ್ರೀ" ಎಂದು ಹೊರಟುಬಿಡುತ್ತಿದ್ದರು.

ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೆ ಗಂಜಿ ಹಚ್ಚಿ, ಓಣಿಯುದ್ದಕ್ಕೂ ಎಳೆದು ಒಣಗಿಸಬೇಕು. ಎರಡೂ ತುದಿಗೆ ಜನ ಬೇಕು. ಆ ತುದಿ ಹಿಡಿಯುತ್ತಿದ್ದ ಹೆಂಡತಿ ತೀರಿಕೊಂಡ ಮೇಲೆ ಅವರು ಅದನ್ನು ಗೂಟಕ್ಕೆ ಕಟ್ಟುತ್ತಿದ್ದರು. ನಾನು ಹಿಡಿಯಲು ಹೋದರೆ ಅದೇ ಮಾತು: "ಬಿಡ್ರೀ, ರೂಢಿ ಆಗೇತಿ."

ಒಮ್ಮೆ ಚಿತ್ರದಲ್ಲಿ ಮೋಡವೇ ಇರಲಿಲ್ಲ. ಮರುದಿನ ಮಧ್ಯಾಹ್ನ ಮಳೆ ಸುರಿಯಿತು. ಅವರು ಈ ತುದಿ ಸುತ್ತಿಕೊಂಡು ಗೂಟದತನಕ ಓಡುವಷ್ಟರಲ್ಲಿ ಗಂಜಿಯೆಲ್ಲ ಗಟಾರ ಸೇರಿತ್ತು. ನನ್ನವ್ವ ಉಪಗ್ರಹವನ್ನೇ ಬೈದಳು: "ಕಣ್ಣ ಇಲ್ಲೇನ ಅದಕ್ಕ?"

ಅವರು ಒದ್ದೆ ನೂಲು ಎದೆಗವಚಿಕೊಂಡು ನಿಂತಿದ್ದರು. "ಬೈಬ್ಯಾಡ್ರೀ ಅವ್ವಾರ. ಅಷ್ಟ ಮ್ಯಾಲೆ ಒಂದ ಐತಿ. ಒಂದ ಎಷ್ಟ ಕಡೆ ನೋಡೀತು?"

ಅಂದು ಸಂಜೆಯೂ ಬಂದರು. ಚಿತ್ರ ಬಂದು ಹೋದರೂ ಹೊರಡಲಿಲ್ಲ.

"ಅದರ ಜೋಡಿ ಇನ್ನೊಂದ ಬಿಡತಾರೇನ್ರೀ?"

"ಗೊತ್ತಿಲ್ರೀ" ಎಂದೆ.

"ಬಿಡಬೇಕ್ರೀ. ಒಂದ ಹನಿ ಬಿದ್ದರ ಸಾಕು, ಅಕಿ ಆ ತುದಿಯಿಂದ ಕೂಗತಿದ್ಲು. ಗೂಟ ಕೂಗೂದಿಲ್ಲ."