ಬಿಸಿನೀರಕ್ಕನನ್ನು ತೊಳೆಯುವವರು ಯಾರು?

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಶವಾಗಾರದಲ್ಲಿ ಆಕೆ ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ, ಹಸುಗೂಸಿಗೆ ಸ್ನಾನ ಮಾಡಿಸುವವರು ನೋಡುವ ಹಾಗೆ. ಬಿಸಿ ಸಾಲದು. ಮತ್ತೆ ಹೀಟರ್ ಹಾಕುತ್ತಾರೆ. ಕಲ್ಲಿನ ಮೇಜಿನ ಮೇಲೆ ನಿನ್ನೆ ತೀರಿಕೊಂಡ ಮುದುಕರೊಬ್ಬರು ಮಲಗಿದ್ದಾರೆ. "ಎಡಕ್ಕೆ ತಿರುಗಿಸ್ತೀನಿ, ಯಜಮಾನ್ರೇ," ಎಂದು ಹೇಳಿಯೇ ತಿರುಗಿಸುತ್ತಾರೆ. ಆಕೆಯ ಬಗ್ಗೆ ಬರೆಯಲು ಬಂದ ನಾನು ಧೈರ್ಯ ಮಾಡಿ ಹೊಸ್ತಿಲು ದಾಟುವಷ್ಟರಲ್ಲಿ ಮುದುಕರ ಬೆನ್ನು ತೊಳೆದು ಮುಗಿದಿದೆ.

ಹೆಣಕ್ಕೆಂಥ ಬಿಸಿನೀರು ಎಂದು ಆಸ್ಪತ್ರೆಯವರು ಗೇಲಿ ಮಾಡಿ ಇಟ್ಟ ಹೆಸರು ಬಿಸಿನೀರಕ್ಕ. ಈಗ ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ. ಸೆಟೆದ ಬೆರಳು ತಣ್ಣೀರಿಗೆ ಸಡಿಲವಾಗುವುದಿಲ್ಲ, ಒತ್ತಾಯ ಮಾಡಿದರೆ ಚರ್ಮ ಕಿತ್ತುಬರುತ್ತದೆ ಎಂಬುದು ಆಕೆಯ ವಿವರಣೆ. "ಅದೂ ಅಲ್ಲದೆ ನನ್ನ ಕೈಗೂ ಚಳಿ ಆಗುತ್ತಲ್ಲ," ಎಂದು ಸೇರಿಸುತ್ತಾರೆ. ಈ ಕೋಣೆಯಲ್ಲೂ ನಗು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ದಿನಕ್ಕೆ ನಾಲ್ಕೈದು ಜನ ಈ ಮೇಜಿಗೆ ಬರುತ್ತಾರೆ, ಅಪಘಾತವಾದ ದಿನ ಅದರ ಎರಡು ಪಟ್ಟು. ಇಪ್ಪತ್ತು ವರ್ಷದ ಹಿಂದೆ ಆಕೆಯ ಗಂಡನೂ ಇಲ್ಲೇ ಮಲಗಿದ್ದರು. ಅವರನ್ನು ತೊಳೆದವನು ಕುಡಿದಿದ್ದನಂತೆ. ಕಿವಿಯ ಹಿಂದೆ ರಕ್ತ ಹಾಗೇ ಉಳಿದಿತ್ತು. ಅದನ್ನು ಸೆರಗಿನಿಂದ ಒರೆಸಿದ ಆಕೆ ಮುಂದಿನ ತಿಂಗಳು ಬಂದು ಈ ಕೆಲಸ ನನಗೇ ಕೊಡಿ ಎಂದು ಕೇಳಿದರು. ಯಾರೂ ಪೈಪೋಟಿಗೆ ಬರಲಿಲ್ಲ. ಹೆಣ ಮುಟ್ಟುವವಳೆಂದು ಬಾಡಿಗೆಗೆ ಮನೆ ಕೊಡಲು ಮೂಗು ಮುರಿದವರಿದ್ದಾರೆ. ಕೊನೆಗೆ ಅಂಥವರ ಮನೆಯವರನ್ನೂ ಆಕೆಯೇ ತೊಳೆದು ಕಳಿಸಿದ್ದಾರೆ.

ಆಕೆಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ತಾವು ಸತ್ತರೆ ಕೊನೆಯ ಕೆಲಸ ಯಾರು ಮಾಡಬೇಕೆಂದು ಹೇಳದೆ ಜನ ಹೋಗಿಬಿಡುತ್ತಾರೆ. ಆಮೇಲೆ ಮಕ್ಕಳು, ತಮ್ಮಂದಿರು, ಎರಡನೇ ಹೆಂಡತಿ ಎಲ್ಲ ಅಂಗಳದಲ್ಲಿ ನಿಂತು ಕಚ್ಚಾಡುತ್ತಾರೆ, ಒಳಗೆ ಕೊರೆಯುವ ಚಳಿಯಲ್ಲಿ ಹೆಣ ಕಾಯುತ್ತಿರುತ್ತದೆ. ಹಾಗಾಗಿ ನರ್ಸುಗಳಿಗೆ, ಟೀ ತರುವವನಿಗೆ, ಎದುರು ಸಿಕ್ಕವರಿಗೆಲ್ಲ ಆಕೆಯದು ಒಂದೇ ಪ್ರಶ್ನೆ: ನಿಮ್ಮದನ್ನು ಯಾರು ಮಾಡಬೇಕು, ಹೇಳಿಟ್ಟಿದ್ದೀರಾ? ನನ್ನನ್ನೂ ಕೇಳಿದರು. ನಾನು ಮಾತು ತೇಲಿಸಿದೆ.

ಈಗ ಆ ಪ್ರಶ್ನೆ ಆಕೆಯ ಬುಡಕ್ಕೇ ಬಂದಿದೆ. ಬರುವ ಸೋಮವಾರ ಆಕೆಗೆ ಹೃದಯದ ಆಪರೇಷನ್. ಡಾಕ್ಟರು ಗ್ಯಾರಂಟಿ ಕೊಟ್ಟಿಲ್ಲ. ಹೆಚ್ಚುಕಮ್ಮಿಯಾದರೆ ದೇಹವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ತಿಳಿಸಬೇಕು. ಹಳೆಯ ಜೊತೆಗಾರ, ಶವದ ವ್ಯಾನಿನ ಡ್ರೈವರ್, ಕೇಳುವ ಮೊದಲೇ ನಾನಿದ್ದೀನಲ್ಲ ಎಂದಿದ್ದಾರೆ. ಆದರೆ ಆಕೆಯ ಮನಸ್ಸು ಇರುವುದು ಒಬ್ಬಳೇ ಮಗಳ ಮೇಲೆ. ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ವಾರದಿಂದ ಹೂಂ ಎಂದಿಲ್ಲ, ಊಹೂಂ ಎಂದಿಲ್ಲ.

ಕಾರಣ ಆಕೆಯೇ ಹೇಳುತ್ತಾರೆ. ಆರು ವರ್ಷದ ಹಿಂದೆ ಆಕೆಯ ತಾಯಿ ಮನೆಯಲ್ಲೇ ತೀರಿಕೊಂಡರು. ಮಗಳು ಪಕ್ಕದಲ್ಲಿ ನಿಂತು ಬಿಕ್ಕುತ್ತಿದ್ದಳು. ಈಕೆ ತೊಳೆದರು, ಗದ್ದ ಕಟ್ಟಿದರು, ತಲೆ ಬಾಚಿದರು. ಎಲ್ಲ ಮುಗಿದ ಮೇಲೆ ಕೆಲಸದ ಚೀಲದಿಂದ ದಾರ ಕಟ್ಟಿದ ಚೀಟಿ ತೆಗೆದು, ಶವಾಗಾರದಲ್ಲಿ ನಂಬರು ಕಟ್ಟುವ ಹಾಗೆ, ಹೆತ್ತ ತಾಯಿಯ ಕಾಲಿನ ಹೆಬ್ಬೆರಳಿಗೆ ಬಿಗಿದು, "ಆಯ್ತು, ಮುಂದಿನವರನ್ನ ತನ್ನಿ," ಎಂದುಬಿಟ್ಟರು. ಮಗಳು ಕತ್ತರಿ ತಂದು ಆ ದಾರ ಕತ್ತರಿಸಿದಳು. ವಾರದೊಳಗೆ ಬೇರೆ ಮನೆ ಮಾಡಿದಳು.

"ಕೈ ತಾನಾಗೇ ಕಟ್ಬಿಡ್ತು," ಎನ್ನುವಾಗ ಆಕೆ ನನ್ನ ಮುಖ ನೋಡುವುದಿಲ್ಲ. "ಅವತ್ತು ನನಗೆ ಅಳುನೂ ಬರ್ಲಿಲ್ಲ. ಅಳ್ತಾ ನಿಂತ್ರೆ ಕೆಲಸ ಕೆಡುತ್ತೆ ಅಂತ ಎಷ್ಟೋ ವರ್ಷದಿಂದ ತಡೆದು ತಡೆದು, ಬೇಕಾದಾಗ ಬರ್ಲೇ ಇಲ್ಲ."

ಮುದುಕರಿಗೆ ಅಂಗಿಯ ಗುಂಡಿ ಹಾಕುತ್ತಿರುವಾಗ ಮಗಳು ಬರುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇದೆ, ಅಂಗಡಿಯಿಂದ ಎದ್ದು ಬಂದಿರಬೇಕು. ಒಳಗೆ ಬರುವುದಿಲ್ಲ. ವ್ಯಾನು ಒರೆಸುತ್ತಿದ್ದ ಡ್ರೈವರ್ ಕೂಡ ಕೈ ನಿಲ್ಲಿಸಿ ಇತ್ತ ನೋಡುತ್ತಾರೆ. ನನ್ನ ಹೆಸರೇ ಹೇಳು, ಡ್ರೈವರ್ ಮಾವ ಬೇಡ, ಎನ್ನುತ್ತಾಳೆ ಮಗಳು.

ಅಮ್ಮನ ಮುಖ ಅರಳುತ್ತದೆ. ಅಷ್ಟೇ ಬೇಗ ಪಾಠ ಶುರುವಾಗುತ್ತದೆ: ಮೊದಲು ಗದ್ದ ಕಟ್ಟಬೇಕು, ಆಮೇಲೆ ಕಣ್ಣು, ತಡ ಮಾಡಬಾರದು. ಮಗಳು ಅರ್ಧದಲ್ಲೇ ತಡೆಯುತ್ತಾಳೆ.

"ಕಲಿಸ್ಬೇಡ ಅಮ್ಮ. ನಾನು ಅಳ್ತಾ ಮಾಡೋಳು. ಕೈ ನಡುಗುತ್ತೆ, ಹೊತ್ತಾಗುತ್ತೆ, ಏನೋ ಒಂದು ಬಿಟ್ಟುಹೋಗುತ್ತೆ. ಹಾಗಾದ್ರೂ ಪರವಾಗಿಲ್ಲ ಅಂದ್ರೆ ಮಾತ್ರ ನನ್ನ ಹೆಸರು ಹೇಳು."

ಒಂದು ಗುಂಡಿ ತಪ್ಪಾಗಿ ಬಿದ್ದರೂ ಬಿಚ್ಚಿ ಮತ್ತೆ ಹಾಕುವ ಹೆಂಗಸು ಬಿಸಿನೀರಕ್ಕ. ಮುದುಕರ ಕೊನೆಯ ಗುಂಡಿ ಹಾಕಿ ಮುಗಿಸುತ್ತಾರೆ. ಕೊನೆಗೆ ಹೂಂ ಎಂದು ತಲೆಯಾಡಿಸುತ್ತಾರೆ. ಮಗಳು ಟೀಗೂ ನಿಲ್ಲದೆ ಹೊರಟುಹೋಗುತ್ತಾಳೆ. ಅವಳು ಗೇಟು ದಾಟುವವರೆಗೆ ಆಕೆ ನೋಡುತ್ತಲೇ ಇರುತ್ತಾರೆ.

ಆಮೇಲೆ ಡ್ರೈವರನ್ನು ಹತ್ತಿರ ಕರೆಯುತ್ತಾರೆ. ಅವರಿಗೆ ಬೇಜಾರಾಯಿತೇನೋ ಎಂದು ಸಮಾಧಾನ ಹೇಳಲು ಇರಬೇಕೆಂದು ನಾನು ಅಂದುಕೊಳ್ಳುತ್ತೇನೆ.

"ನೀನು ನನ್ನ ಮುಟ್ಬೇಡಪ್ಪ, ಅವಳೇ ಮಾಡ್ಲಿ," ಎನ್ನುತ್ತಾರೆ ಆಕೆ. "ಆದ್ರೆ ಆವತ್ತು ಅವಳ ಪಕ್ಕದಲ್ಲೇ ನಿಂತ್ಕೋ. ಒಬ್ಬಳೇ ಅಳೋ ಹಾಗಾಗ್ಬಾರ್ದು. ನಾನೇ ನಿಂತ್ಕೋತಿದ್ದೆ, ಆಗಲ್ವಲ್ಲ."