ಬೂದೆಮ್ಮ ಹಾಕಿದ ಕಲ್ಲು

ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಬೂದೆಮ್ಮ ಯಾರನ್ನೂ ನಂಬುತ್ತಿರಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ತನ್ನ ಕುರಿಗಳನ್ನು ನಂಬುತ್ತಿದ್ದಳು, ಅವು ಮಲಗಿದ್ದಾಗ. ಗಂಡ ಮಾಳಿಂಗಪ್ಪ 'ಇವತ್ತು ಪಲ್ಯ ಚಲೋ ಆಗೇದ' ಎಂದರೆ, ಏನು ಕೆಡಿಸಿ ಬಂದು ಹೀಗೆ ಹೊಗಳುತ್ತಿದ್ದಾನೋ ಎಂದು ಕುರಿಹಟ್ಟಿಯನ್ನು ಒಂದು ಸುತ್ತು ಹಾಕಿ ಬರುವವಳು. ದೇವದುರ್ಗದ ಸಂತೆಯಲ್ಲಿ ಬದನೆಕಾಯಿಯವನು ಕೇಳದೆ ಒಂದು ಹೆಚ್ಚಿಗೆ ಹಾಕಿದರೆ ಅದನ್ನೇ ಮೊದಲು ಮುರಿದು ಹುಳ ಹುಡುಕುವವಳು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರಂತೂ ಹತ್ತಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದಳು.

ಇಂಥವಳ ಹೊಲದ ಅಂಚಿಗೆ ಸಾವಿರದೊಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಒಂದು ಸರ್ಕಾರಿ ಜೀಪು ಬಂದು ನಿಂತಿತು. ಟೊಪ್ಪಿಗೆ ಹಾಕಿದ ಇಂಜಿನಿಯರ್ ಒಬ್ಬರು ಇಳಿದು, ಹೊಳೆದಂಡೆಯ ಮಣ್ಣನ್ನು ಅಗೆಸಿ ಚೀಲಕ್ಕೆ ತುಂಬಿಸತೊಡಗಿದರು.

"ಯಪ್ಪಾ, ನಮ್ಮ ಮಣ್ಣು ಎಲ್ಲಿಗಿ ಒಯ್ಯಾಕತ್ತೀರಿ?"

"ರಾಯಚೂರಿಗವ್ವಾ. ಸಂಶೋಧನಾಕ್ಕ."

"ಯಾಕ, ರಾಯಚೂರಾಗ ಮಣ್ಣಿಲ್ಲೇನು?"

"ಅದ. ಆದ್ರ ನಮಗ ನಿಮ್ಮ ಮಣ್ಣೇ ಬೇಕು."

ಇಂಜಿನಿಯರ್ ವೆಂಕೋಬರಾಯರು ರಾಯಚೂರಿನವರೇ, ಮಾತಿನಲ್ಲಿ ಮೃದು. ಕೃಷ್ಣೆ ಪ್ರತಿ ಮಹಾಪೂರದಲ್ಲೂ ಈ ದಂಡೆಯನ್ನೇ ಯಾಕೆ ಕಡಿಯುತ್ತಾಳೆ, ಎಲ್ಲಿ ಕಲ್ಲಿನ ಗೋಡೆ ಕಟ್ಟಿದರೆ ನಿಲ್ಲುತ್ತಾಳೆ ಎಂದು ಕಂಡುಹಿಡಿಯಲು ಬಂದಿದ್ದೇವೆ ಎಂದು ತಾಳ್ಮೆಯಿಂದ ತಿಳಿಸಿದರು. ಅದು ಬೂದೆಮ್ಮನಿಗೆ ಬೇಕಾದ ಮಾತೇ ಆಗಿತ್ತು. ಹಿಂದಿನ ವರ್ಷ ಹೊಳೆ ಅವಳ ಬೇವಿನ ಮರವನ್ನು ಬೇರುಸಹಿತ ನುಂಗಿತ್ತು. ಉಳಿದಿದ್ದ ಎರಡೆಕರೆಯ ಅಂಚೂ ಬಿರುಕು ಬಿಟ್ಟಿತ್ತು. ಆದರೆ ಅವಳ ಕಿವಿಯಲ್ಲಿ ಉಳಿದದ್ದು 'ನಿಮ್ಮ ಮಣ್ಣೇ ಬೇಕು' ಎಂಬುದಷ್ಟೆ. ಹೊಳೆ ತಿಂದು ಉಳಿಸಿದ್ದನ್ನು ಇವರು ಚೀಲದಲ್ಲಿ ಒಯ್ಯುತ್ತಿದ್ದಾರೆ!

ಮರುದಿನವೇ ಅವಳು ತನ್ನ ಮಣ್ಣನ್ನು ಹುಡುಕಿಕೊಂಡು ಬಸ್ಸು ಹತ್ತಿದಳು. ಮಾಳಿಂಗಪ್ಪ 'ಹೋಗಿ ಬಾ' ಎಂದ. ಅಷ್ಟು ಲಗೂ ಒಪ್ಪಿದ್ದಕ್ಕೆ ಅವನ ಮೇಲೆ ಒಂದು ಕಣ್ಣಿಡುವಂತೆ ನಾದಿನಿಗೆ ಹೇಳಿಯೇ ಹೊರಟಳು.

ರಾಯಚೂರಿನಲ್ಲಿ ಕೇಳಿದವರೆಲ್ಲ ಒಂದೇ ಮಾತು ಹೇಳಿದರು: "ಹಳೇ ಜಿನ್ನಿನಾಗ ಹೊಳಿ ಮಾಡ್ಯಾರ, ಅಲ್ಲಿ ಹೋಗು." ಜಿನ್ನು ಎಂದರೆ ದೆವ್ವ ಎಂದಷ್ಟೇ ಗೊತ್ತಿದ್ದ ಬೂದೆಮ್ಮ, ಸೊಂಟದಲ್ಲಿದ್ದ ದೇವರ ಅರಿಸಿನದ ಭಂಡಾರವನ್ನು ಹಣೆಗೆ ದಪ್ಪಗೆ ಹಚ್ಚಿಕೊಂಡು ಆ ಗೇಟಿಗೆ ಬಂದಳು. ಒಳಗಿನಿಂದ ಗಡ್ಡದ ಆಳೊಬ್ಬ ಇಣುಕಿದ. ಮಾನ್ವಿಯ ಸತ್ತಾರ್ ಸಾಬ್, ಅಲ್ಲಿನ ಮೇಸ್ತ್ರಿ.

"ಇಲ್ಲಿ ಜಿನ್ನು ಅದ ಅಂತಲ್ರೀ?"

"ಅರೇ, ಆ ಜಿನ್ ಅಲ್ಲ ಬೇ, ಹತ್ತಿ ಜಿನ್, ಹತ್ತಿ ಬಿಡಿಸೂ ಮಿಲ್ಲು. ಬಂದ್ ಬಿದ್ದು ವರ್ಷಗಟ್ಲೆ ಆತು. ಆ ಜಿನ್ನೇ ಇದ್ದಿದ್ರ ಇಷ್ಟೊತ್ತಿಗಿ ಅದರ ಕೈಲೇ ಮಣ್ಣು ಹೊರಸ್ತಿದ್ದೆ. ನನ್ನ ಸೊಂಟರೆ ಉಳೀತಿತ್ತು."

ಒಳಗೆ ಹೋಗಿ ನೋಡಿದರೆ, ಹತ್ತಿಯ ಅಂಡಿಗೆಗಳು ಬೀಳುತ್ತಿದ್ದ ವಿಶಾಲ ಷೆಡ್ಡಿನಲ್ಲಿ ಕೃಷ್ಣಾ ನದಿ ಮೈಮುರಿದು ಮಲಗಿತ್ತು. ಅಲ್ಲಿನ ನೂರು ಮಾರು ಇಲ್ಲಿ ಒಂದು ಮಾರು. ಮರಳಿನ ಪಾತ್ರ, ಮಣ್ಣಿನ ದಂಡೆ, ತಿರುವಿನ ಮೇಲೆ ಗೂಗಲ್. ಒಂದು ಇಟ್ಟಂಗಿ ಅಲ್ಲಮಪ್ರಭುವಿನ ಗುಡಿ; ಕಡ್ಡಿಪೆಟ್ಟಿಗೆಯ ಕಡ್ಡಿಗಳು ಗಿಡಮರ. ಮಡಚಿಟ್ಟ ಕಂಬಳಿಯಷ್ಟು ಅಗಲದ ಒಂದು ಚೌಕ ತನ್ನ ಹೊಲವೆಂದು ಬೂದೆಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ಅಂಚಿನ ಜಾಲಿಯ ಮರಕ್ಕೂ ಒಂದು ಕಡ್ಡಿ ನೆಟ್ಟಿದ್ದರು.

"ಇದು ಮಾಡೆಲ್," ಎಂದರು ವೆಂಕೋಬರಾಯರು.

"ಮಾಡಿಲ್ಲಾ? ಕಣ್ಣಿಗಿ ಕಾಣಾಕತ್ತದ, ಮಾಡಿಲ್ಲ ಅಂತೀರಲ್ರಿ!"

ಅಂದಿನಿಂದ ಅವಳ ಬಾಯಲ್ಲಿ ಅದು 'ಮಾಡಿಲ್ಲದ ಹೊಳಿ' ಎಂದೇ ಉಳಿಯಿತು. ಹಿಟ್ಟಿನ ಗೊಂಬೆ ಮಾಡಿ ಸೂಜಿ ಚುಚ್ಚುವವರ ಸುದ್ದಿ ಅವಳು ಕೇಳಿದ್ದಳು. ಊರಿಗೆ ಊರನ್ನೇ ಗೊಂಬೆ ಮಾಡಿಟ್ಟವರನ್ನು ನೋಡಿದ್ದು ಇದೇ ಮೊದಲು. ಇಲ್ಲಿ ಚುಚ್ಚಿದರೆ ಅಲ್ಲಿ ನೋಯುವುದಿಲ್ಲ ಎಂದು ಯಾರು ಹೇಳಬೇಕು? ಕಾವಲಿಗೆ ಇದ್ದೇ ತೀರಬೇಕೆಂದು, ಕುರಿಗಳನ್ನು ಗಂಡನಿಗೇ ಬಿಟ್ಟು, ಮರಳು ಹದ ಮಾಡುವ ಕೂಲಿಗೆ ಅವತ್ತೇ ಸೇರಿದಳು. ರಾಯರಿಗೂ ಆ ದಂಡೆಯ ಏರಿಳಿವು ಬಲ್ಲ ಕೈಯೊಂದು ಬೇಕಾಗಿತ್ತು.

ಸಂಶೋಧನೆ ಎಂಬ ಪದ ಸಂಶಯ ಮತ್ತು ಶೋಧನೆ ಕೂಡಿ ಆದದ್ದೆಂದರೆ ವ್ಯಾಕರಣ ಬಲ್ಲವರು ಕೋಲು ಹಿಡಿದು ಬಂದಾರು. ಆದರೆ ಆ ಜಿನ್ನಿನಲ್ಲಿ ನಡೆದದ್ದು ಅದೇ ಸಂಧಿ. ಶೋಧನೆ ರಾಯರದು, ಸಂಶಯ ಬೂದೆಮ್ಮನದು.

ಮೊದಲ ಪ್ರವಾಹ ಬಿಟ್ಟ ದಿನ ಸತ್ತಾರ್ ಸಾಬ್ ಚಕ್ರ ತಿರುಗಿಸಿ ನೀರು ಹರಿಸಿದ. ಆಮೇಲೆ ಒಂದು ಬುಟ್ಟಿ ಮಂಡಕ್ಕಿ ತಂದು ಬೊಗಸೆ ಬೊಗಸೆಯಾಗಿ ಚೆಲ್ಲಿದ.

"ಹೊಳೆವ್ವಗ ಎಡಿ ಏನ್ರೀ?"

"ಎಡಿ ಅಲ್ಲವ್ವಾ, ಸೆಳವು ಯಾಕಡೆ ಹೊಂಟದ ಅಂತ ಕಾಣ್ಲಿ ಅಂತ," ಎಂದರು ರಾಯರು. "ನೀರು ಸುಳ್ಳು ಹೇಳಬಹುದು, ಮಂಡಕ್ಕಿ ಹೇಳೂದಿಲ್ಲ."

ಮಂಡಕ್ಕಿ ನೆಟ್ಟಗೆ ಬಂದು ತಿರುವಿನಲ್ಲಿ ಮದುವೆಯ ಪಂಕ್ತಿಗೆ ನುಗ್ಗುವವರಂತೆ ಒಂದನ್ನೊಂದು ತಳ್ಳುತ್ತ ಬೂದೆಮ್ಮನ ದಂಡೆಗೇ ಬಂದು ಬಡಿಯಿತು. ನೋಡನೋಡುತ್ತಿದ್ದಂತೆ ಅಂಚು ಒಳಗೊಳಗೇ ಕರಗಿ, ಕಡ್ಡಿಯ ಜಾಲಿಮರ ವಾಲಿ, ಅರ್ಧ ಕಂಬಳಿ ನೀರುಪಾಲಾಯಿತು.

"ಯವ್ವಾ, ನನ್ನ ಹೊಲಾ!"

"ಬರೋಬ್ಬರಿ ಬಿತ್ತು!" ಎಂದು ರಾಯರು ಚಪ್ಪಾಳೆ ತಟ್ಟಿದರು. ನಿಜವಾದ ದಂಡೆ ಬಿದ್ದಂತೆಯೇ ಇದೂ ಬಿದ್ದದ್ದರಿಂದ ತಮ್ಮ ಮಾಡೆಲ್ ಸರಿಯಾಗಿದೆ ಎಂಬ ಸಂತೋಷ ಅವರದು. ಹೊಲ ಬಿದ್ದಾಗ ಚಪ್ಪಾಳೆ ತಟ್ಟುವವನನ್ನು ಬೂದೆಮ್ಮ ಏನೆಂದು ತಿಳಿಯಬೇಕು?

"ಮ್ಯಾಲಿನ ಹೊಲ ಯಮನೂರಪ್ಪಂದು. ಅವಂದ್ಯಾಕ ಬೀಳಲಿಲ್ಲ?"

"ಅಲ್ಲಿ ಹೊಳಿ ನೆಟ್ಟಗ ಅದ. ನಿಮ್ಮ ಹೊಲದ ಹತ್ರ ತಿರುವು."

"ತಿರುವೋ, ಯಾರರೆ ತಿರುವ್ಯಾರೋ," ಎಂದು ಬೂದೆಮ್ಮ ಸಣ್ಣಗೆ ಗೊಣಗಿದಳು. ಅವಳ ಬಳಿ ಕಾರಣವಿತ್ತು. ಹಿಂದಿನ ವಾರ ಯಮನೂರಪ್ಪ ಜಿನ್ನಿಗೆ ಬಂದು ರಾಯರ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟು ಹೋದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಎಮ್ಮೆ ಕಟ್ಟಿದವನ ಮನೆಯ ಡಬ್ಬಿಯಲ್ಲಿ ತುಪ್ಪವಲ್ಲದೆ ಮತ್ತೇನಿರುತ್ತದೆ?

ಮರಳನ್ನು ಮತ್ತೆ ಮೊದಲಿನಂತೆ ಮಾಡಿದ ದಿನ, ರಾಯರು ಊಟಕ್ಕೆ ಮನೆಗೆ, ಸತ್ತಾರ್ ಸಾಬ್ ನಮಾಜಿಗೆ ಹೋದ ಹೊತ್ತು ನೋಡಿ ಬೂದೆಮ್ಮ ಅಂಗಳದಿಂದ ಮುಷ್ಟಿಗಾತ್ರದ ಒಂದು ಕರಿಗಲ್ಲು ಆರಿಸಿ ತೊಳೆದಳು. ತನ್ನ ಹೊಲಕ್ಕಿಂತ ತುಸು ಮೇಲೆ, ಯಮನೂರಪ್ಪನ ಅಂಚಿಗೆ, ಅದನ್ನು ಹೂತು ಮರಳು ಮುಚ್ಚಿದಳು. ನೀವು ನಿಮ್ಮ ಮಾಟ ಮಾಡಿ, ನಾನು ನನ್ನದು ಮಾಡುತ್ತೇನೆ ಎಂಬಷ್ಟೇ ಅವಳ ವಿಚಾರ.

ಮಧ್ಯಾಹ್ನ ನೀರು ಬಿಟ್ಟರು. ಮಂಡಕ್ಕಿ ಬಂತು, ಕಲ್ಲಿನ ಮುಂದೆ ಗಕ್ಕನೆ ತಿರುಗಿ ನಡುಹೊಳೆ ಹಿಡಿದು ಹೋಯಿತು. ಕಂಬಳಿ ಕದಲಲಿಲ್ಲ. ರಾಯರು ಕನ್ನಡಕ ಒರೆಸಿಕೊಂಡರು. ಮರುದಿನ ಮತ್ತೆ ಬಿಟ್ಟರು. ಜಾಲಿಮರ ನೆಟ್ಟಗೆ ನಿಂತಿತ್ತು. ಮೊದಲ ಸಲ ಮಣ್ಣು ಹಸಿಯಿತ್ತೇನೋ, ಅದಕ್ಕೇ ಬಿದ್ದಿರಬೇಕು, ಊರಿನಲ್ಲಿ ಬಿದ್ದ ದಂಡೆಯೂ ಹಾಗೇ ಒಂದು ಸಲದ್ದಿರಬೇಕು ಎಂದು ರಾಯರು ತಮ್ಮನ್ನೇ ಸಮಾಧಾನ ಮಾಡಿಕೊಂಡರು. ಬೂದೆಮ್ಮ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಆ ರೊಟ್ಟಿ ಕರಗುವ ಮೊದಲೇ ಸತ್ತಾರ್ ಸಾಬ್ ಸುದ್ದಿ ತಂದ. "ಮುಬಾರಕ್ ಬೇ ಬೂದೆಮ್ಮ! ನಿಮ್ಮ ದಂಡಿ ಪಾಸಾತು. ನಾಳೆ ದೊಡ್ಡ ಸಾಹೇಬ್ರು ಬಂದು ನೋಡಿ ಸಹಿ ಹಾಕ್ತಾರ."

"ಸಹಿ ಹಾಕಿದ್ರ ಕಲ್ಲಿನ ಗ್ವಾಡಿ ಕಟ್ತಾರಲ್ಲಾ?"

"ಯಾಕ ಕಟ್ತಾರ? ದಂಡಿ ತಾನೇ ಗಟ್ಟಿ ಅದ ಅಂತ ಗೊತ್ತಾತಲ್ಲ. ಗೂಗಲ್ಲಿಗಿ ಹಾಕೂ ಕಲ್ಲೆಲ್ಲಾ ಕೆಳಗಿನ ಊರಿಗಿ ಹೋಗ್ತಾವ. ಬಿದ್ದಿದ್ರ ಗ್ವಾಡಿ ಬರ್ತಿತ್ತು."

ಬೂದೆಮ್ಮ ಕುಳಿತಲ್ಲೇ ಕುಳಿತಳು. ಮುಂದೆ ಹೊಳೆ ಇತ್ತು. ಈಗಷ್ಟೇ ಅವಳಿಗೆ ಹೊಳೆಯಿತು. ಇಲ್ಲಿ ಬೀಳದಂತೆ ಮಾಡಿದ್ದಕ್ಕೆ ಅಲ್ಲಿ ಬೀಳುತ್ತದೆ. ಊರಿನವರೆಲ್ಲ ತನ್ನ ಅನ್ನಕ್ಕೆ ಕಲ್ಲು ಹಾಕುತ್ತಾರೆಂದು ಜೀವಮಾನವಿಡೀ ಕಾದು ಕುಳಿತವಳು, ಆ ಕಲ್ಲನ್ನು ತಾನೇ ಆರಿಸಿ, ತೊಳೆದು, ಹಾಕಿದ್ದಳು. ಅನುಮಾನದ ಅವಳ ದೊಡ್ಡ ಪಟ್ಟಿಯಲ್ಲಿ ಗಂಡ, ಇಂಜಿನಿಯರ್, ಬಸ್ಸು, ಬದನೆಕಾಯಿ ಎಲ್ಲ ಇದ್ದವು. ಬೂದೆಮ್ಮ ಒಬ್ಬಳೇ ಇರಲಿಲ್ಲ.

ಮೆಲ್ಲಗೆ ಎದ್ದು ಹೊಳೆಯತ್ತ ಎರಡು ಹೆಜ್ಜೆ ಇಟ್ಟಳು. ಸತ್ತಾರ್ ಸಾಬ್ ಹಗ್ಗ ಕಟ್ಟಿಬಿಟ್ಟಿದ್ದ.

"ನಿಲ್ಲು. ಸಾಹೇಬ್ರು ಬರೂತನಾ ಯಾರೂ ಮುಟ್ಟಂಗಿಲ್ಲ."

"ಸ್ವಲ್ಪ ಮರಳು ಸವರ್ತೀನಿ ಅಣ್ಣಾ."

"ಹಗಲೆಲ್ಲಾ ಸವರಂದ್ರ ಸವರೂದಿಲ್ಲ, ಈಗ್ಯಾಕ ಸವರ್ತಿ? ನನಗ್ಯಾಕೋ ಡೌಟು."

ಆ ಡೌಟನ್ನು ಅವನು ಕಲಿತದ್ದು ಅವಳ ಹತ್ತಿರವೇ.

ಮರುದಿನ ದೊಡ್ಡ ಸಾಹೇಬರು ಬಂದರು. ಬೂಟಿಗೆ ಮರಳು ಹತ್ತದಂತೆ ಹಲಗೆ ಹಾಕಿದ್ದರು. ಚಹಾ ಆಯಿತು, ನೀರು ಬಿಟ್ಟಾಯಿತು. ಮಂಡಕ್ಕಿ ಕಲ್ಲಿನ ಮುಂದೆ ತಿರುಗಿ, ಸಾಹೇಬರಿಗೆ ಸಲಾಮು ಹೊಡೆದಂತೆ, ನಡುಹೊಳೆಗೆ ಹೋಯಿತು.

"ಗುಡ್. ಗೂಗಲ್ಲಿಗೆ ಏನೂ ಬೇಡ," ಎಂದು ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.

ಜೈಲಿಗೆ ಹಾಕಿದರೆ ಕುರಿಗಳ ಗತಿ ಏನು ಎಂದು ಬೂದೆಮ್ಮ ಒಂದು ಗಳಿಗೆ ಯೋಚಿಸಿದಳು. ಮಾಳಿಂಗಪ್ಪ ಕಾಯುತ್ತಲೇ ಇದ್ದಾನೆ, ನಂಬಿಕೆ ಮಾತ್ರ ಇಲ್ಲ. ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ, ಹಗ್ಗ ದಾಟಿ, ತುಂಬಿದ ಕೃಷ್ಣೆಯೊಳಗೆ ಇಳಿದಳು. ನೀರು ಅವಳ ಕಾಲ್ಗಡಗಕ್ಕೂ ಬರಲಿಲ್ಲ. ಬಗ್ಗಿ, ಮರಳಿನೊಳಗೆ ಕೈ ಹಾಕಿ, ಕರಿಗಲ್ಲನ್ನು ಕಿತ್ತು ಎತ್ತಿ ಹಿಡಿದಳು.

"ಇದು ನಂದ್ರೀ. ಹೊಳಿದಲ್ಲ."

ಮಾತಾಡಿದ್ದು ಮಂಡಕ್ಕಿ. ಹಿಂದೆ ಬರುತ್ತಿದ್ದ ಬೊಗಸೆ ನೆಟ್ಟಗೆ ಬಂದು ಅವಳ ದಂಡೆಗೆ ಬಡಿಯಿತು. ಅಂಚು ಕರಗಿತು. ಜಾಲಿಮರ ವಾಲಿತು. ಅವಳು ಹೊಳೆಯ ನಡುವೆ ನಿಂತು ತನ್ನ ಹೊಲ ಬೀಳುವುದನ್ನು ನೋಡಿದಳು. ಈ ಸಲ ಅಯ್ಯೋ ಅನ್ನಲಿಲ್ಲ. 'ಬೀಳು, ಇನ್ನೂ ಬೀಳು' ಎಂದು ಒಳಗೊಳಗೇ ಅಂದುಕೊಂಡಳು.

"ಯಾರೀಕೆ?" ಎಂದರು ಸಾಹೇಬರು.

ವೆಂಕೋಬರಾಯರ ಮುಖ ಬಿಳಿಚಿತ್ತು. ಇಲ್ಲಿಂದ ಅಲ್ಲಿಗೆ ನೂರು ಪಟ್ಟು. ಆ ಮುಷ್ಟಿಗಲ್ಲು ಹೊಳೆಯಲ್ಲಿ ಗುಡಿಯಷ್ಟು ದೊಡ್ಡ ಬಂಡೆ. ಅಂಥದ್ದೊಂದು ತಮ್ಮ ಕಣ್ಣು ತಪ್ಪಿಸಿ ಮೂರು ದಿನ ಕೂತಿತ್ತು. ಕೊನೆಗೆ ಹೇಳಿದರು: "ನಮ್ಮ... ಸಂಶೋಧನಾ ಸಹಾಯಕಿ, ಸರ್. ತಪಾಸಣೆ ಮಾಡ್ತಿದ್ದಾರೆ."

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಮೊದಲಿಂದ ನೀರು ಬಿಡಿ. ಈ ಸಲ ಸಹಾಯವಿಲ್ಲದೆ."

ಎಲ್ಲರೂ ಹೋದ ಮೇಲೆ ರಾಯರು ಕೇಳಿದರು, "ಯಾಕ ಹಿಂಗ ಮಾಡಿದ್ರಿ?"

"ನೀವು ಯಮನೂರಪ್ಪನ ತುಪ್ಪ ಯಾಕ ಇಸಗೊಂಡ್ರಿ?"

ರಾಯರು ಡಬ್ಬಿ ತಂದು ಮುಚ್ಚಳ ತೆಗೆದರು. ನೀರಿನ ಚಕ್ರಕ್ಕೆ ಹಚ್ಚುವ ಗ್ರೀಸು. ಪೇಟೆಗೆ ಬಂದಿದ್ದ ಯಮನೂರಪ್ಪನ ಕೈಯಲ್ಲಿ ಸತ್ತಾರ್ ಸಾಬನೇ ತರಿಸಿದ್ದನಂತೆ. ಬೂದೆಮ್ಮ ಬೆರಳು ಅದ್ದಿ, ಮೂಸಿ, ತಿಕ್ಕಿ ನೋಡಿದಳು. ಗ್ರೀಸೇ. ತುಪ್ಪ ಉಂಡು ಮುಗಿಸಿ ಗ್ರೀಸು ತುಂಬಿಟ್ಟಿರಬಹುದು ಎಂಬುದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ.

ಸರ್ಕಾರದ ಕಲ್ಲು ಗೂಗಲ್ ಮುಟ್ಟಲು ಎಂಬತ್ತೆರಡನೇ ಇಸವಿ ಬಂತು. ಅಷ್ಟರೊಳಗೆ ಜಾಲಿಮರ ಹೊಳೆಗೆ ಹೋಗಿತ್ತು, ಹೊಲದ ಒಂದು ಪಟ್ಟಿಯೂ ಹೋಗಿತ್ತು. ಉಳಿದದ್ದರ ಮುಂದೆ ಕರಿಗಲ್ಲಿನ ಇಳಿಜಾರು ಗೋಡೆ ಎದ್ದಿತು. ಗುತ್ತಿಗೆದಾರ ಇಟ್ಟ ಒಂದೊಂದು ಕಲ್ಲನ್ನೂ ಬೂದೆಮ್ಮ ಕಾಲಿನಿಂದ ಒದ್ದು ನೋಡಿದಳು. ಅಲುಗಾಡಿದ್ದನ್ನೆಲ್ಲ ಅವನ ಕೈಯಿಂದಲೇ ಕೀಳಿಸಿ ಮತ್ತೆ ಕೂಡಿಸಿದಳು.

ಆ ಮಳೆಗಾಲ ಹೊಳೆ ತುಂಬಿ ಬಂದಾಗ ಊರವರೆಲ್ಲ ಗುಡಿಯ ಕಟ್ಟೆಯಿಂದ ನೋಡುತ್ತಿದ್ದರು. ಬೂದೆಮ್ಮ ಗೋಡೆಯ ತಲೆಯ ಮೇಲೆ ನಿಂತಿದ್ದಳು. ಬೆನ್ನ ಹಿಂದೆ ಮೊಳಕಾಲೆತ್ತರದ ಸಜ್ಜೆ, ಮಡಿಲಲ್ಲಿ ದೇವದುರ್ಗದಿಂದ ತಂದ ಮಂಡಕ್ಕಿ. ಒಂದು ಮುಷ್ಟಿ ತೆಗೆದು ಕೆಂಪು ನೀರಿಗೆ ಎರಚಿದಳು.

ಹತ್ತಿರ ಬಂದ ಯಮನೂರಪ್ಪ ನಕ್ಕ. "ಏನ್ ಬೇ, ಹೊಳೆವ್ವಗ ಎಡಿ ಹಿಡದಿ?"

"ಎಡಿ ಅಲ್ಲ. ಸಂಶೋಧನಾ. ನೀ ದೂರ ಸರಿ."

ಮಂಡಕ್ಕಿ ಗೋಡೆಯ ಹತ್ತಿರ ಬಂತು, ಕಲ್ಲಿಗೆ ಮೈ ಸವರಿತು, ಒಂದು ಸುತ್ತು ತಿರುಗಿ ನಡುಹೊಳೆಗೆ ಹೋಯಿತು.

"ನೋಡು, ನಿನ್ನ ಹೊಲ ಉಳೀತು," ಎಂದ ಯಮನೂರಪ್ಪ.

ಬೂದೆಮ್ಮ ಮಡಿಲಿಗೆ ಕೈ ಹಾಕಿ ಇನ್ನೊಂದು ಮುಷ್ಟಿ ತೆಗೆದಳು. ಮೊದಲನೆಯದನ್ನು ಹೊಳೆ ತನ್ನನ್ನು ನಂಬಿಸಲಿಕ್ಕೆಂದೇ ಹಾಗೆ ಒಯ್ದಿರಬಹುದು.